‘ಬ್ರೇಕ್’ ಎಂದರೆ ಒಡೆಯುವುದೋ, ಮುರಿಯುವುದೋ, ಹರಿಯುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುವ ನನ್ನ ಬಳಿಗೆ ಎಸ್ಸೆಸ್ಸೆಲ್ಸಿ ಮಕ್ಕಳು ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬರುತ್ತಾರೆ, ನರಸಾಪುರದ ಕಾರ್ಖಾನೆಗಳಿಗೆ ಸೇರಿದ ಹುಡುಗಿಯರು ಪಾಳಿ ಮುಗಿಸಿಕೊಂಡು ಬರುತ್ತಾರೆ. ಇವರೆಲ್ಲರೂ ಒಂದಲ್ಲ ಒಂದು ದಿನ ಎಡವುವ ಕ್ರಿಯಾಪದ ‘ಬ್ರೇಕ್’. ಅದರ ಸಮಾನಾರ್ಥಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೂ ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ತಿಳಿದಿರುವುದಿಲ್ಲ. ವರ್ಷವರ್ಷವೂ ಮರಳಿ ಬರುವ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳ ಜೊತೆಗೆ ಇಲ್ಲಿ ಬರೆದಿಟ್ಟಿದ್ದೇನೆ.

‘ಬ್ರೇಕ್’ಗೆ ಕನ್ನಡದಲ್ಲಿ ಸರಿಯಾದ ಪದ ಯಾವುದು?

ಒಂದೇ ಪದ ಇಲ್ಲ. ಕಡಿಮೆಯೆಂದರೂ ಮೂರು ಬೇಕು. ಮಡಕೆ ಒಡೆಯುತ್ತದೆ, ಕೊಂಬೆ ಮುರಿಯುತ್ತದೆ, ದಾರ ಹರಿಯುತ್ತದೆ. ಅದಲುಬದಲು ಮಾಡಿ ನೋಡಿ: ‘ದಾರ ಒಡೆಯಿತು’, ‘ಮಡಕೆ ಹರಿಯಿತು’ ಎಂದರೆ ನಾಲ್ಕು ವರ್ಷದ ಮಗುವೂ ತಿದ್ದುತ್ತದೆ. ಆ ಮಗುವಿಗೆ ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ಗಟ್ಟಿಯಾಗಿ, ಬಿರುಸಾಗಿ, ಪೊಳ್ಳಾಗಿ ಅಥವಾ ಹೋಳಾಗುವಂತೆ ಇರುವುದು ಒಡೆಯುತ್ತದೆ. ಉದ್ದಕ್ಕೆ ನೆಟ್ಟಗಿದ್ದು ಬಾಗಿದರೆ ತಾಳಲಾರದ್ದು ಮುರಿಯುತ್ತದೆ. ಎಳೆಯಾಗಿ, ಹಾಳೆಯಾಗಿ ಇರುವುದು ಹರಿಯುತ್ತದೆ. ಕನ್ನಡ ಮೊದಲು ನೋಡುವುದು ವಸ್ತುವನ್ನು. ಅದರ ಗುಣ ತಿಳಿದ ಮೇಲೆ ಕ್ರಿಯಾಪದ ಬರುತ್ತದೆ.

ಕೋಲಾರದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ, ಏಕೆಂದರೆ ಇಲ್ಲಿ ಅರ್ಧ ತರಗತಿಯ ಮನೆಮಾತು ತೆಲುಗು. ‘ಕುಂಡ ಪಗಿಲಿಂದಿ, ಕೊಮ್ಮ ವಿರಿಗಿಂದಿ, ದಾರಂ ತೆಗಿಂದಿ’ ಎಂದು ಅವರೇ ಹೇಳುತ್ತಾರೆ: ಮಡಕೆಗೆ ಒಂದು, ಕೊಂಬೆಗೆ ಒಂದು, ದಾರಕ್ಕೆ ಒಂದು. ಕೆಜಿಎಫ್ ಕಡೆಯಿಂದ ಬಂದ ತಮಿಳು ಮನೆಯ ಮಕ್ಕಳು ಉಡೈ, ಮುರಿ, ಅರು ಎಂಬ ಮೂರನ್ನು ತಂದು ಪಕ್ಕದಲ್ಲಿಡುತ್ತಾರೆ. ಮೂರು ಭಾಷೆಗಳೂ ಒಂದೇ ರೀತಿ ವಿಂಗಡಿಸಿರುವುದನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ನನಗೆ ಬಹಳ ಇಷ್ಟವಾದ ಗಳಿಗೆ ಅದು.

ಮೂರಕ್ಕೂ ಒಂದೇ ಪದ ಎಂದರೆ ಇಂಗ್ಲಿಷ್ ಬಡ ಭಾಷೆಯೇ?

ಅಲ್ಲವೇ ಅಲ್ಲ. ಇಂಗ್ಲಿಷಿನ ಕಣ್ಣು ಬೇರೆ ಕಡೆ ಇದೆ. ‘ಏನು’ ಮುರಿಯಿತು ಎಂಬುದಕ್ಕಿಂತ ‘ಹೇಗೆ’ ಮುರಿಯಿತು ಎಂಬುದನ್ನು ಅದು ಕ್ರಿಯಾಪದದ ಒಳಗೇ ಕೂರಿಸುತ್ತದೆ. ಬಲವಾಗಿ ಅಪ್ಪಳಿಸಿದರೆ ‘ಸ್ಮ್ಯಾಶ್’, ಒಡೆದು ನೂರಾರು ಚೂರಾದರೆ ‘ಶ್ಯಾಟರ್’, ಲಟಕ್ಕನೆ ಎರಡಾದರೆ ‘ಸ್ನ್ಯಾಪ್’, ಗೆರೆ ಬಿಟ್ಟು ಇನ್ನೂ ಕೂಡಿಕೊಂಡೇ ಇದ್ದರೆ ‘ಕ್ರ್ಯಾಕ್’, ಅಂಚಿನಿಂದ ಸಣ್ಣ ಚಕ್ಕೆ ಎದ್ದರೆ ‘ಚಿಪ್’.

ಕನ್ನಡದಲ್ಲಿ ಈ ‘ಹೇಗೆ’ ಇಲ್ಲವೆಂದಲ್ಲ. ನಾವು ಅದನ್ನು ಕ್ರಿಯಾಪದದ ಆಚೀಚೆ ಇಡುತ್ತೇವೆ. ಹಿಂದೆ ಲಟಕ್ಕನೆ, ಪಟಕ್ಕನೆ, ಫಳಾರನೆ ಎಂಬ ಅನುಕರಣ ಪದ ಬರುತ್ತದೆ. ಇಲ್ಲವೇ ಚೂರುಚೂರಾಗಿ, ಪುಡಿಪುಡಿಯಾಗಿ, ನುಚ್ಚುನೂರಾಗಿ ಎಂಬ ಜೋಡಿ ಮಾತು ಬರುತ್ತದೆ. ಆದ್ದರಿಂದ ಇಂಗ್ಲಿಷ್ ಪದ ಹುಡುಕುವ ಮೊದಲು ನೀವು ಮನೆಯಲ್ಲಿ ಆಡುವ ವಾಕ್ಯವನ್ನು ಪೂರ್ತಿಯಾಗಿ ನೆನಪು ಮಾಡಿಕೊಳ್ಳಿ. ‘ಕನ್ನಡಿ ಒಡೆಯಿತು’ ಎಂದು ನಿಲ್ಲಿಸಿದರೆ ‘ಬ್ರೇಕ್’ ಸಾಕು. ‘ಕನ್ನಡಿ ಫಳಾರನೆ ಒಡೆದು ಚೂರುಚೂರಾಯಿತು’ ಎಂಬುದು ನಿಮ್ಮ ಮನಸ್ಸಿನಲ್ಲಿದ್ದರೆ ನಿಮಗೆ ಬೇಕಾದದ್ದು ‘ಶ್ಯಾಟರ್’. ಅರ್ಥದ ಛಾಯೆ ನಿಮ್ಮಲ್ಲಿ ಮೊದಲೇ ಇದೆ. ಅನುವಾದ ಮಾಡುವ ಅವಸರದಲ್ಲಿ ನಾವು ಆ ಮೊದಲ ಪದವನ್ನು ಬಿಟ್ಟು ಬರೀ ಕ್ರಿಯಾಪದವನ್ನು ಹೊತ್ತುಕೊಂಡು ಹೋಗುತ್ತೇವೆ, ತಪ್ಪುವುದು ಅಲ್ಲಿ.

‘ಸ್ಮ್ಯಾಶ್’ ಮತ್ತು ‘ಶ್ಯಾಟರ್’ ಒಂದೇ ಅಲ್ಲವೇ?

ಗಣಪನ ಗುಡಿಯ ಮುಂದೆ ನಿಂತುಕೊಳ್ಳಿ. ಹಣ್ಣುಕಾಯಿ ಮಾಡಿಸಲು ಕೊಟ್ಟ ತೆಂಗಿನಕಾಯಿಯನ್ನು ಅರ್ಚಕರು ಕಲ್ಲಿನ ಅಂಚಿಗೆ ಹದವಾಗಿ ಬಡಿದು, ಅಂಗೈಯಲ್ಲಿ ತಿರುಗಿಸಿ ಮತ್ತೊಮ್ಮೆ ಬಡಿದು, ಎರಡು ಸಮನಾದ ಹೋಳು ಮಾಡುತ್ತಾರೆ. ಆ ಬಡಿತದಲ್ಲಿ ಲೆಕ್ಕವಿದೆ. ಇದು ‘ಬ್ರೇಕ್’, ಗೆರೆ ಬಿಡಿಸಿ ತೆರೆಯುವುದನ್ನು ಒತ್ತಿ ಹೇಳಬೇಕೆಂದರೆ ‘ಕ್ರ್ಯಾಕ್ ಓಪನ್’. ಹತ್ತು ಹೆಜ್ಜೆ ಆಚೆ ಹರಕೆ ಹೊತ್ತವರೊಬ್ಬರು ಈಡುಗಾಯಿ ಹಾಕುತ್ತಿದ್ದಾರೆ. ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಇದ್ದ ಬಲವನ್ನೆಲ್ಲ ಸೇರಿಸಿ ಕಾಯಿಯನ್ನು ಬಂಡೆಗೆ ಅಪ್ಪಳಿಸುತ್ತಾರೆ. ಇದು ‘ಸ್ಮ್ಯಾಶ್’. ಕಾಯಿ ಸಿಡಿದು ಚಿಪ್ಪಿನ ಚೂರುಗಳು ದಿಕ್ಕಾಪಾಲಾಗಿ ಹಾರಿ, ಮಕ್ಕಳು ಆಯ್ದುಕೊಳ್ಳಲು ಓಡುತ್ತಾರೆ. ಕಾಯಿಗೆ ಆದದ್ದನ್ನು ಹೇಳುವಾಗ ‘ಶ್ಯಾಟರ್’.

ಅಂದರೆ ‘ಸ್ಮ್ಯಾಶ್’ ಎಂಬುದರ ಒತ್ತು ಹೊಡೆತದ ಬಲದ ಮೇಲೆ, ‘ಶ್ಯಾಟರ್’ ಎಂಬುದರ ಒತ್ತು ಚೂರುಗಳ ಮೇಲೆ. ಬಲವಾಗಿ ಹೊಡೆದರೂ ಮರದ ಪೆಟ್ಟಿಗೆ ‘ಶ್ಯಾಟರ್’ ಆಗುವುದು ಅಪರೂಪ, ಮರ ಗಾಜಿನಂತೆ ಬಿರುಸಲ್ಲ. ಯಾರೂ ಹೊಡೆಯದಿದ್ದರೂ ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಅದು ‘ಶ್ಯಾಟರ್’ ಆಗಬಹುದು. ಕನಸು, ಭರವಸೆ, ಆತ್ಮವಿಶ್ವಾಸ ನುಚ್ಚುನೂರಾದಾಗಲೂ ಇಂಗ್ಲಿಷ್ ‘ಶ್ಯಾಟರ್’ ಎನ್ನುತ್ತದೆ. ದಾಖಲೆಯ ವಿಷಯದಲ್ಲಿ ಮಾತ್ರ ‘ಬ್ರೇಕ್’, ‘ಸ್ಮ್ಯಾಶ್’, ‘ಶ್ಯಾಟರ್’ ಮೂರೂ ನಡೆಯುತ್ತವೆ. ಹಿಂದಿನ ದಾಖಲೆಗಿಂತ ಅಂತರ ದೊಡ್ಡದಾದಷ್ಟೂ ಪದ ಜೋರಾಗುತ್ತದೆ.

‘ಸ್ನ್ಯಾಪ್’ ಯಾವಾಗ ಬಳಸಬೇಕು?

ಉದ್ದವಾದದ್ದು, ತೆಳುವಾದದ್ದು, ಒಮ್ಮೆಲೇ, ಸದ್ದು ಮಾಡಿ ಎರಡಾದಾಗ. ಒಣಗಿದ ಪುಳ್ಳೆ, ಪೆನ್ಸಿಲ್, ಬಿಗಿದ ತಂತಿ, ಚಪ್ಪಲಿಯ ಪಟ್ಟಿ. ‘ಚಪ್ಪಲಿ ಕಿತ್ತುಹೋಯಿತು’ ಎನ್ನುತ್ತೇವಲ್ಲ, ಆಗ ಇಂಗ್ಲಿಷಿನಲ್ಲಿ ಪಟ್ಟಿ ‘ಸ್ನ್ಯಾಪ್’ ಆಯಿತು ಎನ್ನಬಹುದು. ಹುರುಳಿಕಾಯಿಯ ತುದಿ ಮುರಿಯುವಾಗ ಬರುವ ಆ ಸಣ್ಣ ಸದ್ದನ್ನು ಕೇಳಿದ್ದೀರಷ್ಟೇ. ಇಂಗ್ಲಿಷಿನಲ್ಲಿ ಅದೇ ಕಾಯಿಗೆ ‘ಸ್ನ್ಯಾಪ್ ಬೀನ್ಸ್’ ಎಂಬ ಹೆಸರಿದೆ. ಎಳಸು ಕಾಯಿ ಲಟಕ್ಕೆಂದು ಮುರಿಯುತ್ತದೆ, ಬಾಡಿದ್ದು ಬಾಗುತ್ತದೆ. ಸಂತೆಯಲ್ಲಿ ಅಮ್ಮಂದಿರು ಒಂದು ಕಾಯಿ ಮುರಿದು ನೋಡಿ ಕೊಳ್ಳುವುದು ಇದೇ ಪರೀಕ್ಷೆಯಿಂದ.

ಆದರೆ ರೇಷ್ಮೆ ಎಳೆಯ ವಿಷಯದಲ್ಲಿ ಒಬ್ಬ ವಿದ್ಯಾರ್ಥಿನಿ ನನಗೇ ಪಾಠ ಹೇಳಿಕೊಟ್ಟಳು. ಅವಳ ತಂದೆ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸದವರು. ‘ಥ್ರೆಡ್ ಸ್ನ್ಯಾಪ್ಸ್’ ಎಂದು ನಾನು ಹಲಗೆಯ ಮೇಲೆ ಬರೆದಾಗ ಅವಳು ಎದ್ದು ನಿಂತು, ‘ಮಿಸ್, ನಮ್ಮ ಎಳೆ ಹರಿದರೆ ಸದ್ದೇ ಆಗುವುದಿಲ್ಲ’ ಎಂದಳು. ಒಂದು ಭಾನುವಾರ ಅವರ ಮನೆಗೆ ಹೋಗಿ ನೋಡಿದೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತ ಕುಣಿಯುತ್ತಿದ್ದವು. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ. ಹಲವು ಗೂಡುಗಳ ಎಳೆಗಳು ಸೇರಿ ಒಂದು ನೂಲಾಗಿ ಮೇಲಕ್ಕೆ ಏರುತ್ತಿದ್ದವು. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೂ ಎಳೆ ಹರಿದದ್ದು ನನಗೆ ಕಾಣಲಿಲ್ಲ. ಅವಳ ತಾಯಿಗೆ ಕಂಡಿತು. ಕುಣಿಯುತ್ತಿದ್ದ ಗೂಡೊಂದು ಸುಮ್ಮನೆ ನಿಂತಿತ್ತು, ಅಷ್ಟೇ ಗುರುತು. ಆಕೆ ಬೆರಳ ತುದಿಯಿಂದ ಮತ್ತೊಂದು ಗೂಡಿನ ಎಳೆಯನ್ನು ಎತ್ತಿ ಏರುತ್ತಿದ್ದ ನೂಲಿಗೆ ಸೋಕಿಸಿದರು, ಅದು ಅಂಟಿಕೊಂಡು ಹೊರಟಿತು. ಇಂಥ ಮೌನವಾದ ಹರಿಯುವಿಕೆಗೆ ‘ಬ್ರೇಕ್’ ಎಂಬ ಸರಳ ಪದವೇ ಸರಿ. ‘ಸ್ನ್ಯಾಪ್’ ಎಂದರೆ ಕಿವಿಗೆ ಕೇಳಬೇಕು, ಇಲ್ಲವೇ ಬಿಗಿತವಾದರೂ ಕಣ್ಣಿಗೆ ಕಾಣಬೇಕು.

ಅಂಗಿ ಹರಿದರೆ ‘ಬ್ರೋಕನ್’ ಎನ್ನಬಹುದೇ?

ಎನ್ನಬಾರದು. ಬಟ್ಟೆ, ಕಾಗದ, ಚರ್ಮ, ಎಲೆ ಇವಕ್ಕೆ ‘ಟೇರ್’. ಭೂತಕಾಲದಲ್ಲಿ ‘ಟೋರ್’, ನಂತರದ ರೂಪ ‘ಟಾರ್ನ್’. ದಾರ ಮತ್ತು ಹಗ್ಗ ‘ಬ್ರೇಕ್’ ಆಗುತ್ತವೆ, ಹಾಳೆಯಂಥದ್ದು ‘ಟೇರ್’ ಆಗುತ್ತದೆ. ಕನ್ನಡದ ‘ಹರಿ’ ಎರಡನ್ನೂ ಹೊರುವುದರಿಂದ ನಮಗೆ ಗೊಂದಲ ಸಹಜ. ಹೊಲಿಗೆಯ ಗುಂಟ ಬಿಟ್ಟುಕೊಂಡರೆ ‘ಸ್ಪ್ಲಿಟ್’, ಜೋರಾಗಿ ಎಳೆದು ಪರ್ರನೆ ಹರಿದರೆ ‘ರಿಪ್’.

ಮೊದಲ ವರ್ಷ ಪಾಠ ಹೇಳುವಾಗ ಒಬ್ಬ ಹುಡುಗ ತನ್ನ ಅಂಗಿಯ ತೋಳನ್ನು ತೋರಿಸಿ ‘ಬ್ರೋಕನ್ ಶರ್ಟ್’ ಎಂದ. ತರಗತಿ ನಕ್ಕಿತು. ಅವನ ಮುಖ ಕೆಂಪಾಗಿ, ಆಮೇಲೆ ಎರಡು ವಾರ ಬಾಯಿ ತೆರೆಯಲಿಲ್ಲ. ಅವನು ಮಾಡಿದ್ದು ಬುದ್ಧಿವಂತರ ತಪ್ಪು: ‘ದಾರ ಹರಿಯಿತು’ ಎಂಬುದಕ್ಕೆ ‘ಬ್ರೇಕ್’ ಎಂದು ಹಿಂದಿನ ದಿನವಷ್ಟೇ ಕಲಿತಿದ್ದ, ‘ಅಂಗಿ ಹರಿಯಿತು’ ಎಂಬುದಕ್ಕೂ ಅದನ್ನೇ ಹೊಂದಿಸಿದ. ಅಂದಿನಿಂದ ಈ ಪಾಠವನ್ನು ನಾನು ಇಂಗ್ಲಿಷಿನಿಂದ ಶುರು ಮಾಡುವುದೇ ಇಲ್ಲ; ಒಡೆ, ಮುರಿ, ಹರಿ ಎಂಬ ಮೂರು ಕಂಬಗಳನ್ನು ನೆಟ್ಟ ಮೇಲೆಯೇ ಮುಂದಿನ ಮಾತು.

ಒಂದು ಎಚ್ಚರಿಕೆ: ಹರಿಯುವ ‘ಟೇರ್’ಗೂ ಕಣ್ಣೀರಿನ ‘ಟಿಯರ್’ಗೂ ಇಂಗ್ಲಿಷ್ ಕಾಗುಣಿತ ಒಂದೇ, ಉಚ್ಚಾರಣೆ ಬೇರೆ.

ಫ್ರ್ಯಾಕ್ಚರ್ ಆದರೆ ಮೂಳೆ ಮುರಿದಿಲ್ಲ ಎಂದು ತಾನೇ ಅರ್ಥ?

ಈ ತಪ್ಪು ತಿಳಿವಳಿಕೆ ನಮ್ಮ ಕಡೆ ಆಳವಾಗಿ ಬೇರೂರಿದೆ. ‘ಫ್ರ್ಯಾಕ್ಚರ್ ಅಷ್ಟೇ, ಮುರಿದಿಲ್ಲವಂತೆ’ ಎಂದು ಸಮಾಧಾನ ಮಾಡಿಕೊಂಡು ಕಾಲೂರಿ ನಡೆಯುವವರನ್ನು ನಾನೇ ಕಂಡಿದ್ದೇನೆ. ವೈದ್ಯರ ಭಾಷೆಯಲ್ಲಿ ಫ್ರ್ಯಾಕ್ಚರ್ ಎಂದರೂ ಮೂಳೆ ಮುರಿತವೇ. ಸಣ್ಣ ಬಿರುಕಿನಿಂದ ಹಿಡಿದು ತುಂಡುತುಂಡಾಗುವವರೆಗೆ ಎಲ್ಲವೂ ಆ ಪದದೊಳಗೆ ಬರುತ್ತದೆ. ಬರೀ ಕೂದಲೆಳೆಯಷ್ಟು ಗೆರೆ ಬಿಟ್ಟಿದ್ದರೆ ಅದನ್ನು ‘ಹೇರ್‌ಲೈನ್ ಫ್ರ್ಯಾಕ್ಚರ್’ ಎಂದು ಬೇರೆಯಾಗಿ ಹೇಳುತ್ತಾರೆ. ‘ಬ್ರೋಕನ್’ ಮನೆಮಾತು, ‘ಫ್ರ್ಯಾಕ್ಚರ್’ ಆಸ್ಪತ್ರೆಯ ಮಾತು; ವ್ಯತ್ಯಾಸ ಪೆಟ್ಟಿನದಲ್ಲ, ಮಾತನಾಡುವ ಜಾಗದ್ದು. ಸಂದೇಹವಿದ್ದರೆ ಎಷ್ಟು ಮುರಿದಿದೆ, ಎಲ್ಲಿ ಮುರಿದಿದೆ ಎಂದು ವೈದ್ಯರನ್ನೇ ಕನ್ನಡದಲ್ಲಿ ಕೇಳಿ.

ಆ ಎರಡು ಪದಗಳು ಬಂದದ್ದು ಎಲ್ಲಿಂದ?

‘ಬ್ರೇಕ್’ ಹಳೆಯ ಇಂಗ್ಲಿಷಿನ ‘ಬ್ರೆಕಾನ್’ ಎಂಬ ಮನೆಯ ಪದ. ‘ಫ್ರ್ಯಾಕ್ಚರ್’ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಮುರಿಯುವುದಕ್ಕೆ ‘ಫ್ರಾಂಗೆರೆ’ ಎನ್ನುತ್ತಾರೆ. ಭಾಷಾಶಾಸ್ತ್ರಜ್ಞರು ಎರಡಕ್ಕೂ ಒಂದೇ ಪುರಾತನ ಮೂಲವನ್ನು ಹೇಳುತ್ತಾರೆ. ಚೂರು ಎಂಬ ಅರ್ಥದ ‘ಫ್ರ್ಯಾಗ್‌ಮೆಂಟ್’, ಸುಲಭವಾಗಿ ಒಡೆಯುವ ಎಂಬ ಅರ್ಥದ ‘ಫ್ರ್ಯಾಜೈಲ್’, ಗಣಿತದ ‘ಫ್ರ್ಯಾಕ್ಷನ್’ ಎಲ್ಲವೂ ಆ ಲ್ಯಾಟಿನ್ ಬಳ್ಳಿಯ ಕಾಯಿಗಳು.

ಫ್ರ್ಯಾಕ್ಷನ್‌ಗೆ ನಮ್ಮ ಗಣಿತ ಪುಸ್ತಕದಲ್ಲಿ ಏನಿದೆ? ಭಿನ್ನರಾಶಿ. ‘ಭಿನ್ನ’ ಎಂಬುದು ಸಂಸ್ಕೃತದ ‘ಭಿದ್’ ಧಾತುವಿನಿಂದ ಬಂದದ್ದು, ಒಡೆದದ್ದು ಎಂದೇ ಅರ್ಥ. ಮೂಗು ಮುರಿದ ದೇವರ ಮೂರ್ತಿಯನ್ನು ‘ಭಿನ್ನವಾಗಿದೆ, ಪೂಜೆಗೆ ಬಾರದು’ ಎನ್ನುವಾಗ ಅದೇ ಅರ್ಥ ಬದುಕಿದೆ. ಲ್ಯಾಟಿನ್ ಕಲಿತವರೂ ಸಂಸ್ಕೃತ ಕಲಿತವರೂ ಅರ್ಧ, ಕಾಲು, ಮುಕ್ಕಾಲನ್ನು ಒಡೆದ ಸಂಖ್ಯೆ ಎಂದೇ ಕಂಡರು. ಭಿನ್ನರಾಶಿ ಎಂದರೆ ಹೆದರುವ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಮುಖ ಅರಳುತ್ತದೆ.

ಇಂಗ್ಲಿಷಿನಲ್ಲಿ ಮನೆಯ ಪದ ಒಂದು, ಲ್ಯಾಟಿನ್ ಪದ ಇನ್ನೊಂದು ಇರುವಂತೆಯೇ ನಮ್ಮಲ್ಲಿ ‘ಮುರಿ’ಯ ಪಕ್ಕದಲ್ಲಿ ಭಂಗ, ಭಗ್ನ ಇವೆ. ವ್ರತಭಂಗ, ತಪೋಭಂಗ, ಭಗ್ನಪ್ರೇಮಿ. ಮೂಳೆ ಮುರಿದವನನ್ನು ಯಾರೂ ಮನೆಯಲ್ಲಿ ‘ಅಸ್ಥಿಭಂಗವಾಯಿತೇ?’ ಎಂದು ಕೇಳುವುದಿಲ್ಲ. ಆ ಕಿವಿಯನ್ನೇ ಇಂಗ್ಲಿಷಿಗೂ ಕೊಡಿ.

ಬಂಡೆಗೆ ಯಾವ ಪದ? ನಮ್ಮೂರಿನಲ್ಲಿ ಎಲ್ಲ ಕಡೆ ಕಲ್ಲೇ ಇದೆ.

ಕೋಲಾರದವರು ಕೇಳಲೇಬೇಕಾದ ಪ್ರಶ್ನೆ ಇದು, ಅಂತರಗಂಗೆಯ ಬೆಟ್ಟ ಕಣ್ಣೆದುರೇ ಇರುವಾಗ.

ಬಂಡೆಯ ಮೇಲೆ ಸಾಲಾಗಿ ಕುಳಿ ಕೊರೆದು, ಬೆಣೆ ಇಟ್ಟು, ಸುತ್ತಿಗೆಯಿಂದ ಒಂದೊಂದಾಗಿ ಬಡಿಯುತ್ತ ಹೋದರೆ ಬಂಡೆ ಆ ಸಾಲಿನ ಗುಂಟವೇ ಎರಡಾಗುತ್ತದೆ. ಹಾಗೆ ಬಂದ ಕಲ್ಲುಕಂಬಗಳೇ ನಮ್ಮ ದ್ರಾಕ್ಷಿ ತೋಟಗಳಲ್ಲಿ ನಿಂತಿರುವುದು. ಕನ್ನಡದಲ್ಲಿ ಇದು ‘ಸೀಳು’, ಇಂಗ್ಲಿಷಿನಲ್ಲಿ ‘ಸ್ಪ್ಲಿಟ್’. ಸೌದೆ ಸೀಳುವುದಕ್ಕೂ ಅದೇ. ಗೆರೆ ಇರಬೇಕು, ಆ ಗೆರೆಯ ಗುಂಟ ಬೇರೆಯಾಗಬೇಕು. ಪಕ್ಷ, ಗುಂಪು, ಕುಟುಂಬ ಒಡೆದಾಗಲೂ ‘ಸ್ಪ್ಲಿಟ್’ ಎನ್ನುವುದು ಅದೇ ಕಾರಣಕ್ಕೆ: ಒಳಗೆ ಮೊದಲೇ ಒಂದು ಗೆರೆ ಇತ್ತು.

ಉಳಿದ ತುಂಡುಗಳು ಜಲ್ಲಿಯಾಗಲು ಹೋಗುವ ಯಂತ್ರಕ್ಕೆ ಎಲ್ಲರೂ ಹೇಳುವ ಹೆಸರು ‘ಕ್ರಷರ್’. ‘ಕ್ರಷ್’ ಎಂದರೆ ಎರಡು ಕಡೆಯಿಂದ ಒತ್ತಿ ಪುಡಿ ಮಾಡುವುದು ಅಥವಾ ಆಕಾರ ಕೆಡಿಸುವುದು. ಒತ್ತಡ ಮುಖ್ಯ, ಸದ್ದಲ್ಲ. ಟೊಮೆಟೊ ಮಾರುಕಟ್ಟೆಯಲ್ಲಿ ಕ್ರೇಟುಗಳನ್ನು ಅಜಾಗರೂಕತೆಯಿಂದ ಪೇರಿಸಿದರೆ ಕೆಳಗಿನ ಹಣ್ಣು ಅಪ್ಪಚ್ಚಿಯಾಗುತ್ತದಲ್ಲ, ಅದೂ ‘ಕ್ರಷ್’. ಆ ಹಣ್ಣು ‘ಬ್ರೇಕ್’ ಆಯಿತು ಎಂದರೆ ಇಂಗ್ಲಿಷರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಮೆತ್ತಗಿನದು ಒಡೆಯುವುದಿಲ್ಲ, ನಜ್ಜುಗುಜ್ಜಾಗುತ್ತದೆ. ಗಿಡದಲ್ಲಿದ್ದಾಗಲೇ ಹಣ್ಣಿನ ತೊಟ್ಟಿನ ಸುತ್ತ ಬಿರುಕು ಬಿಟ್ಟರೆ ಅದು ‘ಕ್ರ್ಯಾಕ್’.

ಇನ್ನೊಂದು ಪದ ಕೆಜಿಎಫ್ ಜನಕ್ಕೆ ಮೈಯಲ್ಲೇ ಇದೆ: ‘ಬರ್ಸ್ಟ್’. ಹೊರಗಿನ ಹೊಡೆತದಿಂದಲ್ಲ, ಒಳಗಿನ ಒತ್ತಡದಿಂದ ಸಿಡಿಯುವುದು. ಬಲೂನು, ಟೈರು, ನೀರಿನ ಪೈಪು, ತುಂಬಿದ ಚೀಲ. ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರವನ್ನೆಲ್ಲ ಹೊತ್ತು ಬಿಗಿದುಕೊಂಡಿರುತ್ತದೆ. ಪಕ್ಕದ ಅದಿರನ್ನು ತೆಗೆದಾಗ ಆ ಬಿಗಿತಕ್ಕೆ ದಾರಿ ಸಿಕ್ಕಿ ಗೋಡೆಯ ಬಂಡೆ ಏಕಾಏಕಿ ಸಿಡಿಯುತ್ತದೆ. ಗಣಿಯವರು ಅದನ್ನು ‘ರಾಕ್ ಬರ್ಸ್ಟ್’ ಎಂದರು. ‘ರಾಕ್ ಬ್ರೇಕ್’ ಎಂದಿದ್ದರೆ ಯಾರೋ ಸುತ್ತಿಗೆ ಹಿಡಿದು ಒಡೆದಂತಾಗುತ್ತಿತ್ತು. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಆದರೂ ಆ ಕಾಲೊನಿಗಳ ಹಿರಿಯರು ನೆಲ ನಡುಗಿದ ರಾತ್ರಿಗಳನ್ನು ನೆನೆಯುವಾಗ ಈ ಪದವನ್ನು ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಪದವೊಂದು ಇಷ್ಟು ನಿಖರವಾಗಿರಬೇಕಾದರೆ ಅದರ ಹಿಂದೆ ಪ್ರಾಣ ಕಳೆದುಕೊಂಡವರಿದ್ದಾರೆ ಎಂದು ನಾನು ಮಕ್ಕಳಿಗೆ ಹೇಳಿಯೇ ಮುಂದೆ ಹೋಗುತ್ತೇನೆ. ವ್ಯಾಕರಣದ ಮಾತಷ್ಟೇ ಬೇಕಾದವರಿಗೆ: ‘ಬರ್ಸ್ಟ್’ ಮತ್ತು ‘ಸ್ಪ್ಲಿಟ್’ ಎರಡೂ ಭೂತಕಾಲದಲ್ಲಿ ಬದಲಾಗುವುದಿಲ್ಲ.

ಕೆರೆ ಒಡೆಯಿತು ಎನ್ನಲು?

‘ಬ್ರೀಚ್’. ಇದು ‘ಬ್ರೇಕ್’ನ ದಾಯಾದಿ ಪದ. ನೀರನ್ನು ಅಥವಾ ಶತ್ರುವನ್ನು ತಡೆದು ನಿಂತ ಗೋಡೆಯಲ್ಲಿ ಕಿಂಡಿ ಬೀಳುವುದಕ್ಕೆ ಬಳಸುತ್ತಾರೆ. ಆದರೆ ಇಲ್ಲಿ ನಮ್ಮ ಪತ್ರಿಕೆಗಳ ಇಂಗ್ಲಿಷ್ ಅನುವಾದದಲ್ಲಿ ಆಗಾಗ ಅನರ್ಥವಾಗುತ್ತದೆ. ‘ಕೆರೆ ಕೋಡಿ ಬಿತ್ತು’ ಎಂಬುದು ಸಂತೋಷದ ಸುದ್ದಿ: ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿಯುತ್ತಿದೆ, ಊರಿನವರು ಬಾಗಿನ ಬಿಡಲು ಹೊರಟಿದ್ದಾರೆ. ಅದು ‘ಓವರ್‌ಫ್ಲೋ’. ‘ಏರಿ ಒಡೆಯಿತು’ ಎಂಬುದು ದುಃಖದ ಸುದ್ದಿ: ಕೆಳಗಿನ ಗದ್ದೆಗಳು ಹೋದವು. ಅದು ‘ಬ್ರೀಚ್’. ಕೋಡಿ ಬಿದ್ದದ್ದನ್ನು ‘ಬ್ರೀಚ್’ ಎಂದು ಬರೆದರೆ ಹಬ್ಬವನ್ನು ಸೂತಕ ಮಾಡಿದಂತೆ. ಕೆರೆಗಳ ನಾಡಾದ ಕೋಲಾರದಲ್ಲಿ ಹುಟ್ಟಿದವರು ಈ ಒಂದು ತಪ್ಪನ್ನಂತೂ ಮಾಡಬಾರದು.

ಕರಾರು ಮುರಿದರೂ ‘ಬ್ರೀಚ್’ ಎನ್ನುತ್ತಾರೆ. ಕಾನೂನಿನ ನಂಬಿಕೆದ್ರೋಹಕ್ಕೆ ‘ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್’ ಎನ್ನುತ್ತಾರೆ. ಒಪ್ಪಂದವೂ ನಂಬಿಕೆಯೂ ಒಂದು ಏರಿಯೇ.

ಮೊಬೈಲ್ ‘ಬ್ರೋಕನ್’ ಎಂದರೆ ಪರದೆ ಒಡೆದಿದೆ ಎಂದೇ?

ಹಾಗೇನಿಲ್ಲ. ಯಂತ್ರದ ವಿಷಯದಲ್ಲಿ ‘ಬ್ರೋಕನ್’ ಎಂದರೆ ಕೆಟ್ಟಿದೆ, ಕೆಲಸ ಮಾಡುತ್ತಿಲ್ಲ ಎಂದು. ಪರದೆಯಲ್ಲಿ ಬಿರುಕು ಬಿಟ್ಟಿದ್ದರೆ ‘ಕ್ರ್ಯಾಕ್ಡ್’. ಫೋನು ಚೆನ್ನಾಗಿಯೇ ಓಡುತ್ತಿದ್ದು ಪರದೆ ಮಾತ್ರ ‘ಕ್ರ್ಯಾಕ್ಡ್’ ಆಗಿರಬಹುದು. ಹೊರಗೆ ಒಂದು ಗೀರೂ ಇಲ್ಲದ ಫೋನು ‘ಬ್ರೋಕನ್’ ಆಗಿರಬಹುದು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ‘ಬ್ರೇಕ್ ಡೌನ್’. ಸಾರ್ವಜನಿಕ ಸ್ಥಳದ ಲಿಫ್ಟ್, ನೀರಿನ ಯಂತ್ರ ಕೆಟ್ಟರೆ ಫಲಕದ ಮೇಲೆ ಬರೆಯುವುದು ‘ಔಟ್ ಆಫ್ ಆರ್ಡರ್’.

ಪರೀಕ್ಷೆಯನ್ನು ‘ಕ್ರ್ಯಾಕ್’ ಮಾಡುವುದು ನಮ್ಮ ದೇಶದ ಬಳಕೆ. ಹೊರದೇಶದವರು ಸಂಕೇತವನ್ನೋ ಕಠಿಣ ಸಮಸ್ಯೆಯನ್ನೋ ‘ಕ್ರ್ಯಾಕ್’ ಮಾಡುತ್ತಾರೆ, ನಾವು ಒಗಟು ಒಡೆಯುವಂತೆ.

ಕನ್ನಡದಲ್ಲಿ ‘ಒಡೆ’ ಇರುವ ಕಡೆಯೆಲ್ಲ ‘ಬ್ರೇಕ್’ ಹಾಕಬಹುದೇ?

ಖಂಡಿತ ಬೇಡ. ನಮ್ಮ ‘ಒಡೆ’ ಬಹಳ ದೂರ ನಡೆದ ಪದ. ಹಾಲು ಒಡೆದರೆ ಇಂಗ್ಲಿಷಿನಲ್ಲಿ ‘ಕರ್ಡಲ್’. ಮೊಳಕೆ ಒಡೆದರೆ ‘ಸ್ಪ್ರೌಟ್’. ಮೊಟ್ಟೆಯೊಡೆದು ಮರಿ ಹೊರಬಂದರೆ ‘ಹ್ಯಾಚ್’, ಅದೇ ಮೊಟ್ಟೆಯನ್ನು ಆಮ್ಲೆಟ್‌ಗೆ ಒಡೆದರೆ ‘ಕ್ರ್ಯಾಕ್’ ಅಥವಾ ‘ಬ್ರೇಕ್’. ಚಳಿಗಾಲದಲ್ಲಿ ತುಟಿ ಒಡೆದರೆ ‘ಚ್ಯಾಪ್ಡ್’, ಹಿಮ್ಮಡಿ ಒಡೆದರೆ ‘ಕ್ರ್ಯಾಕ್ಡ್’. ಹರೆಯಕ್ಕೆ ಬಂದ ಹುಡುಗನ ದನಿ ಒಡೆಯುವುದು ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ, ‘ಬ್ರೇಕ್’.

‘ಮುರಿ’ಯೂ ಹಾಗೆಯೇ. ಬೆಳಗ್ಗೆ ಎದ್ದು ಮೈ ಮುರಿಯುವುದು ‘ಸ್ಟ್ರೆಚ್’. ಬೆರಳಿನ ನೆಟಿಗೆ ಮುರಿಯುವುದು ‘ಕ್ರ್ಯಾಕ್’. ದಲ್ಲಾಳಿ ಕಮಿಷನ್ ಮುರಿದುಕೊಳ್ಳುವುದು ‘ಡಿಡಕ್ಟ್’. ಮುದ್ದೆ ಮುರಿಯುವುದಕ್ಕೆ ಸರಿಯಾದ ಇಂಗ್ಲಿಷ್ ನನಗೆ ಇನ್ನೂ ತೃಪ್ತಿಯಾಗುವಂತೆ ಸಿಕ್ಕಿಲ್ಲ. ‘ಬ್ರೇಕ್ ಆಫ್ ಎ ಪೀಸ್’ ಎಂದು ಹೇಳಿಕೊಡುತ್ತೇನೆ. ಬಿಸಿ ಮುದ್ದೆಗೆ ಬೆರಳು ಊರಿ, ತುತ್ತನ್ನು ಕಿತ್ತು, ಉರುಟಾಗಿ ಮಾಡಿ ಸಾರಿನಲ್ಲಿ ಹೊರಳಿಸುವ ಆ ಕೆಲಸ ಅದರೊಳಗೆ ಇಲ್ಲ. ಐನೂರರ ನೋಟು ಮುರಿಸುವುದು ಮಾತ್ರ ಎಷ್ಟು ಸೊಗಸಾಗಿ ಹೊಂದುತ್ತದೆ ನೋಡಿ: ಅವರೂ ನೋಟನ್ನು ‘ಬ್ರೇಕ್’ ಮಾಡಿಸುತ್ತಾರೆ.

ಮಾತು, ಮೌನ, ಉಪವಾಸ, ಕಾನೂನು ಇವೆಲ್ಲ ‘ಬ್ರೇಕ್’ ಆಗುತ್ತವೆಯೇ?

ಎಲ್ಲವೂ ಆಗುತ್ತವೆ. ಮೌನ ಮುರಿಯುವುದು, ಉಪವಾಸ ಮುರಿಯುವುದು ಎರಡು ಭಾಷೆಗಳಲ್ಲೂ ಸಮ. ರಾತ್ರಿಯ ಉಪವಾಸವನ್ನು ಮುರಿಯುವುದರಿಂದಲೇ ಬೆಳಗಿನ ತಿಂಡಿ ‘ಬ್ರೆಕ್‌ಫಸ್ಟ್’. ಉಚ್ಚರಿಸುವಾಗ ‘ಬ್ರೇಕ್’ ಎಂಬ ದೀರ್ಘ ಉಳಿದಿಲ್ಲ, ಗಮನಿಸಿ. ಮಾತಿನ ವಿಷಯದಲ್ಲಿ ಕನ್ನಡ ಸೂಕ್ಷ್ಮ: ಕೊಟ್ಟ ಮಾತನ್ನು ಮುರಿಯುತ್ತೇವೆ ಎನ್ನುವುದಕ್ಕಿಂತ ಮಾತಿಗೆ ತಪ್ಪುತ್ತೇವೆ. ಕಾನೂನಿಗೆ ‘ಬ್ರೇಕ್’ ಸಾಕು, ಅರ್ಜಿ ಅಥವಾ ವರದಿ ಬರೆಯುವಾಗ ‘ವಯೊಲೇಟ್’ ಗಂಭೀರವಾಗಿರುತ್ತದೆ, ನಮ್ಮ ‘ಉಲ್ಲಂಘಿಸು’ ಇದ್ದ ಹಾಗೆ.

ಕೆಟ್ಟ ಸುದ್ದಿಯನ್ನು ಮನೆಯವರಿಗೆ ತಿಳಿಸುವುದೂ ‘ಬ್ರೇಕ್’. ನಾವು ‘ಸುದ್ದಿ ಮುಟ್ಟಿಸು’ ಎನ್ನುತ್ತೇವೆ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಹೇಳಬೇಕಾದವರಿಗೆ ಕನ್ನಡದ ಈ ಮಾತು ಹೆಚ್ಚು ಮೆತ್ತಗಿದೆ ಎಂಬುದು ನನ್ನ ಅನಿಸಿಕೆ.

‘ಹೌಸ್ ಬ್ರೇಕಿಂಗ್’ ಎಂದು ಪೊಲೀಸರು ಬರೆದರು, ಆದರೆ ಬೀಗ ಒಡೆದಿರಲಿಲ್ಲ. ಇದು ತಪ್ಪಲ್ಲವೇ?

ತಪ್ಪಲ್ಲ. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಂ ಈ ಪದಕ್ಕೆ ತನ್ನದೇ ಅರ್ಥ ಕೊಟ್ಟಿತ್ತು. ಕಿಟಕಿಯಿಂದ ನುಗ್ಗುವುದು ‘ಬ್ರೇಕಿಂಗ್’. ಮನೆಯವರು ಕಳೆದುಕೊಂಡ ಬೀಗದ ಕೈ ಸಿಕ್ಕಿ, ಅದರಿಂದಲೇ ಬಾಗಿಲು ತೆಗೆದು ಅಕ್ರಮವಾಗಿ ಒಳಗೆ ಹೋಗುವುದೂ ‘ಬ್ರೇಕಿಂಗ್’. ಅಲ್ಲಿ ಒಡೆದದ್ದು ಬೀಗವಲ್ಲ, ಮನೆಯ ಆವರಣ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ದಿನಬಳಕೆಯಲ್ಲಿ ‘ಬ್ರೇಕ್ ಇನ್‌ಟು’ ಎಂದರೆ ನಮ್ಮ ‘ಕನ್ನ ಹಾಕು’.

ಯಾರು ಒಡೆದರು ಎಂದು ಹೇಳದೆ ತಪ್ಪಿಸಿಕೊಳ್ಳಲು ಇಂಗ್ಲಿಷಿನಲ್ಲಿ ಆಗುತ್ತದೆಯೇ?

ಮಕ್ಕಳು ಬಲು ಉತ್ಸಾಹದಿಂದ ಕೇಳುವ ಪ್ರಶ್ನೆ. ಆಗುತ್ತದೆ. ‘ಲೋಟ ಒಡೆಯಿತು’, ‘ನಾನು ಲೋಟ ಒಡೆದೆ’ ಎರಡಕ್ಕೂ ಕನ್ನಡದಂತೆಯೇ ಒಂದೇ ಕ್ರಿಯಾಪದ. ಸ್ನ್ಯಾಪ್, ಶ್ಯಾಟರ್, ಸ್ಪ್ಲಿಟ್, ಕ್ರ್ಯಾಕ್ ಕೂಡ ಎರಡು ಕಡೆಯೂ ನಿಲ್ಲುತ್ತವೆ. ‘ಡಿಮಾಲಿಷ್’ ನಿಲ್ಲುವುದಿಲ್ಲ: ಕೆಡವಿದವರು ಯಾರಾದರೂ ಇರಲೇಬೇಕು. ತಾನಾಗಿ ಕುಸಿದರೆ ‘ಕೊಲ್ಯಾಪ್ಸ್’, ಹಳೆಯ ಮಣ್ಣಿನ ಗೋಡೆ ಉದುರುದುರಾಗಿ ಪುಡಿಯಾದರೆ ‘ಕ್ರಂಬಲ್’.

ನಮ್ಮಲ್ಲಿ ಹೊಣೆಯ ಛಾಯೆ ಬಾಲದಲ್ಲಿದೆ. ‘ಒಡೆದುಹೋಯಿತು’ ಎಂದರೆ ಕೈಮೀರಿ ಆದದ್ದು. ‘ಒಡೆದುಬಿಟ್ಟೆ’ ಎಂದರೆ ತಪ್ಪಿನ ಅರಿವಿದೆ. ‘ಒಡೆದುಹಾಕಿದ’ ಎಂದರೆ ಬೇಕೆಂದೇ ಮಾಡಿದ. ಇದನ್ನು ಇಂಗ್ಲಿಷಿಗೆ ತರಲು ಕ್ರಿಯಾಪದ ಬದಲಿಸಿದರೆ ಸಾಲದು, ‘ಆಕ್ಸಿಡೆಂಟಲಿ’, ‘ಡೆಲಿಬರೇಟ್ಲಿ’ ಎಂಬ ಮಾತನ್ನು ಸೇರಿಸಬೇಕಾಗುತ್ತದೆ.

ಪರೀಕ್ಷೆಗೆ ಎಷ್ಟು ಸಮಾನಾರ್ಥಕ ಕಲಿತರೆ ಸಾಕು?

ಹನ್ನೆರಡು ಸಾಕು, ಆದರೆ ಒಂದೊಂದನ್ನೂ ಒಂದು ವಸ್ತುವಿನ ಜೊತೆಗೇ ಬರೆದುಕೊಳ್ಳಿ: ಕನ್ನಡಿ ಮತ್ತು ಶ್ಯಾಟರ್, ಪುಳ್ಳೆ ಮತ್ತು ಸ್ನ್ಯಾಪ್, ಬಟ್ಟಲಿನ ಅಂಚು ಮತ್ತು ಚಿಪ್, ಏರಿ ಮತ್ತು ಬ್ರೀಚ್. ಒಂಟಿ ಪದ ಮೂರು ದಿನದಲ್ಲಿ ಮರೆತುಹೋಗುತ್ತದೆ.

ಗಾಡಿಯ ಬ್ರೇಕ್ ಕೂಡ ಇದೇ ಪದವೇ?

ಅಲ್ಲ. ಉಚ್ಚಾರಣೆ ಒಂದೇ, ಕಾಗುಣಿತ ಬೇರೆ. ಒಂದು ನಿಲ್ಲಿಸುವುದು, ಇನ್ನೊಂದು ಒಡೆಯುವುದು. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವಾಗ ಬದಲಿಸಿಬಿಡುತ್ತಾರೆ. ಬಸ್ಸಿನ ಬ್ರೇಕ್ ಫೇಲಾದ ಸುದ್ದಿ ಬರೆಯುವಾಗ ‘ಕೆ’ ಮತ್ತು ‘ಇ’ ಎರಡೂ ಕೊನೆಯಲ್ಲಿ ಬರಬೇಕು. ಮುರಿಯುವ ‘ಬ್ರೇಕ್’ನಲ್ಲಿ ಆ ‘ಇ’ ಅಕ್ಷರ ‘ಆರ್’ ಆದ ಕೂಡಲೇ ಬಂದುಬಿಡುತ್ತದೆ.